ಇಬ್ಬರ ನಡುವಿನ ನಂಬಿಕೆ, ಮೂರನೆಯವನ ಕ್ಷೇಮ

ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಹೊರಟ ರೈಲಿಗೆ ಮೊದಲು ಎದುರಾಗುವ ನಿಲ್ದಾಣ ದೋಣಿಗಲ್. ಅಲ್ಲಿಂದ ಮುಂದೆ ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಘಟ್ಟದ ಬುಡದಲ್ಲಿ ಸುಬ್ರಹ್ಮಣ್ಯ ರಸ್ತೆ. 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆದು, 1996ರಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಿ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮರಳಿ ದೊರೆತ ಈ ಮಾರ್ಗದಲ್ಲಿ 57 ಸುರಂಗಗಳಿವೆ. ಹಳಿ ಒಂದೇ. ಏರುವ ರೈಲೂ ಇಳಿಯುವ ರೈಲೂ ಅದರ ಮೇಲೆಯೇ ಸಾಗಬೇಕು. ಸುರಂಗದ ಒಳಗಿರುವ ರೈಲನ್ನು ಯಾವ ನಿಲ್ದಾಣದಲ್ಲಿ ನಿಂತವನ ಕಣ್ಣೂ ಕಾಣಲಾರದು.

ಇಂಥ ಏಕಮಾರ್ಗದ ಸಂಚಾರಕ್ಕೆ ಹಳೆಯ ನಿಯಮವೊಂದಿದೆ. ಒಂದು ನಿಲ್ದಾಣದ ಮಾಸ್ಟರು ಮುಂದಿನ ನಿಲ್ದಾಣದ ಮಾಸ್ಟರನ್ನು ಕೇಳಿ, ಹಳಿ ಖಾಲಿಯಿದೆ ಎಂಬ ‘ಲೈನ್ ಕ್ಲಿಯರ್’ ಪಡೆಯದೆ ರೈಲನ್ನು ಬಿಡುವಂತಿಲ್ಲ. ಯಾವ ರೈಲು ಮೊದಲು ಹೋಗಲಿ ಎಂಬುದನ್ನು ದೂರದ ಕಚೇರಿಯ ಕಂಟ್ರೋಲರು ಹೇಳಬಹುದು. ಹಳಿ ಖಾಲಿಯಿದೆ ಎಂಬ ಮಾತನ್ನು ಮಾತ್ರ ಪಕ್ಕದ ನಿಲ್ದಾಣದವರೇ ಕೊಡಬೇಕು. ಹಿಂದೆ ಅನೇಕ ಮಾರ್ಗಗಳಲ್ಲಿ ಈ ಮಾತಿನ ಕುರುಹಾಗಿ ಯಂತ್ರದಿಂದ ಹೊರಬಂದ ಲೋಹದ ಚೆಂಡೊಂದನ್ನು ಚಾಲಕನ ಕೈಗೆ ಕೊಡುತ್ತಿದ್ದರು. ಯಂತ್ರ ಕೆಟ್ಟಾಗ ಉಳಿಯುವುದು ಮಾತು ಮತ್ತು ಒಂದು ಗುಪ್ತ ಸಂಖ್ಯೆ. ಪ್ರತಿ ನಿಲ್ದಾಣದಲ್ಲಿ ‘ಪ್ರೈವೇಟ್ ನಂಬರು’ಗಳ ಹಾಳೆಯೊಂದು ಇರುತ್ತದೆ. ಒಪ್ಪಿಗೆ ಕೊಡುವವರು ಅದರಿಂದ ಒಂದು ಸಂಖ್ಯೆಯನ್ನು ಹೇಳುತ್ತಾರೆ. ಕೇಳಿದವರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹೇಳಿದವರು ಬಳಸಿದ ಸಂಖ್ಯೆಯನ್ನು ಹೊಡೆದುಹಾಕುತ್ತಾರೆ. ಅಷ್ಟರ ಆಧಾರದ ಮೇಲೆ ನೂರಾರು ಜೀವಗಳು ಕತ್ತಲೆಯ ಸುರಂಗವನ್ನು ಪ್ರವೇಶಿಸುತ್ತವೆ.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದು ಲೋಕದಲ್ಲಿ ಬಹುಚರ್ಚಿತವಾದ ಒಂದು ಪ್ರಶ್ನೆ ಸುಲಭವಾಗಿ ತಿಳಿಯುತ್ತದೆ. ನಡುವೆ ಯಾವ ಅಧಿಕಾರಿಯೂ ಬ್ಯಾಂಕೂ ದೊಡ್ಡ ಸಂಸ್ಥೆಯೂ ಇಲ್ಲದೆ, ಪರಸ್ಪರ ನಂಬಿದ ಸಮಾನರಿಬ್ಬರು ನೇರವಾಗಿ ಸಂದೇಶವನ್ನು ಕಳಿಸಿಕೊಳ್ಳುವುದು, ಹಣವನ್ನು ದಾಟಿಸುವುದು, ಒಬ್ಬರ ಕಾಗದಪತ್ರಗಳನ್ನು ಮತ್ತೊಬ್ಬರು ಕಾಪಾಡಿಕೊಡುವುದು ಗಣಕಯಂತ್ರಗಳ ಮೂಲಕ ಸಾಧ್ಯವಾಗಿದೆ. ತಂತ್ರಜ್ಞರು ಇದನ್ನು ವಿಕೇಂದ್ರೀಕೃತ ಜಾಲವೆನ್ನುತ್ತಾರೆ. ಜಾಲಕ್ಕೆ ಯಜಮಾನನಿಲ್ಲ, ಪ್ರತಿಯೊಬ್ಬನೂ ತನ್ನ ಗಂಟಿಗೆ ತಾನೇ ಹೊಣೆ. ಹಾಗಾದರೆ ಮೇಲ್ವಿಚಾರಕನಿಲ್ಲದ ಕಡೆ ಮನುಷ್ಯನನ್ನು ಪ್ರಾಮಾಣಿಕನಾಗಿ ಉಳಿಸುವುದು ಯಾವುದು? ಇಬ್ಬರ ನಡುವಿನ ವಿಶ್ವಾಸ ತಾನಾಗಿಯೇ ಧರ್ಮವಾಗುವುದೇ, ಇಲ್ಲವೇ ಅದಕ್ಕೂ ಒಂದು ಒರೆಗಲ್ಲು ಬೇಕೇ? ಯಂತ್ರ ಹೊಸದಾದರೂ ಪ್ರಶ್ನೆ ಹಳೆಯದು. ವ್ಯಾಪಾರವನ್ನು ಕುಲವೃತ್ತಿಯಾಗಿ ಪಡೆದ ಶ್ರಾವಕರಿಗಂತೂ ಇದು ಮನೆಯ ಪ್ರಶ್ನೆಯೇ ಆಗಿದೆ.

ದೋಣಿಗಲ್ಲಿನ ಸುತ್ತಣ ಬೆಟ್ಟಗಳಲ್ಲಿಯೇ ಈ ಪ್ರಶ್ನೆ ಒಂದು ತಲೆಮಾರಿನ ಹಿಂದೆ ಹೊಸ ರೂಪದಲ್ಲಿ ಎದ್ದು ನಿಂತಿತು. 1940ರ ದಶಕದಿಂದ ಕಾಫಿ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಕೊಳ್ಳುವವನು ಯಾರೆಂದು ಅವನಿಗೆ ತಿಳಿಯಬೇಕಾದ ಅಗತ್ಯವೇ ಇರಲಿಲ್ಲ. ಮಂಡಳಿಯೇ ಮಾರಿ, ಕಂತುಕಂತಾಗಿ ಹಣ ಕೊಡುತ್ತಿತ್ತು. 1992ರ ಬಳಿಕ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಎಲ್ಲ ಬೆಳೆಗಾರರಿಗೂ ತಮ್ಮ ಕಾಫಿಯನ್ನು ಮುಕ್ತವಾಗಿ ಮಾರುವ ಹಕ್ಕು ಬಂದಿತು. ಸಕಲೇಶಪುರ, ಆಲೂರು ಸೀಮೆಯ ಸಣ್ಣ ಬೆಳೆಗಾರನೂ ವರ್ತಕನೂ ಅಂದಿನಿಂದ ಎದುರುಬದುರಾದರು. ದೂರವಾಣಿಯಲ್ಲಿ ಧಾರಣೆ ಕೇಳಿ ಒಪ್ಪುವುದು, ಐವತ್ತು ಕಿಲೋ ಚೀಲಗಳ ಲೆಕ್ಕದಲ್ಲಿ ಮಾಲನ್ನು ವರ್ತಕನ ಗೋದಾಮಿನಲ್ಲಿ ಇಟ್ಟು, ಧಾರಣೆ ಏರಿದ ದಿನ ಬೆಲೆ ಮುರಿಯುವುದು ಇವೆಲ್ಲ ಬಳಕೆಗೆ ಬಂದವು. ನಡುವಣ ಮಂಡಳಿ ಹಿಂದೆ ಸರಿದ ಮೇಲೆ ಉಳಿದದ್ದು ತೂಕದ ಚೀಟಿ, ಔಟ್‌ಟರ್ನ್ ನೋಡಲು ತೆಗೆದ ಮಾದರಿ, ಮತ್ತು ಆ ವರ್ತಕನ ಹೆಸರು.

ಹೆಸರಿನ ಮೇಲೆ ನಡೆಯುವ ಇಂಥ ವ್ಯವಹಾರಕ್ಕೆ ಭಾರತದ ವರ್ತಕರು ಕಂಡುಕೊಂಡ ಪರಿಪೂರ್ಣ ಸಾಧನ ಹುಂಡಿ. ದೇವಾಲಯದ ಕಾಣಿಕೆಪೆಟ್ಟಿಗೆಯನ್ನೂ ಕನ್ನಡದಲ್ಲಿ ಹುಂಡಿಯೆಂದೇ ಕರೆಯುವುದರಿಂದ ಇಂದಿನ ಕಿರಿಯರಿಗೆ ಹಳೆಯ ಅರ್ಥ ಮಸುಕಾಗಿರಬಹುದು. ಒಂದು ಊರಿನ ಸಾಹುಕಾರನು ಮತ್ತೊಂದು ಊರಿನ ಸಾಹುಕಾರನಿಗೆ, ಈ ಚೀಟಿ ತಂದವರಿಗೆ ಇಷ್ಟು ಹಣ ಕೊಡುವುದೆಂದು ಬರೆದ ಪತ್ರವೇ ಹುಂಡಿ. ಕಂಡೊಡನೆ ಹಣ ಸಲ್ಲಬೇಕಾದುದು ದರ್ಶನಿ ಹುಂಡಿ. ಗೊತ್ತಾದ ದಿನಗಳು ಕಳೆದ ಮೇಲೆ ಸಲ್ಲುವುದು ಮುದ್ದತಿ ಹುಂಡಿ. ಸರಕು ಕ್ಷೇಮವಾಗಿ ತಲಪಿದರೆ ಮಾತ್ರ ಹಣ ಸಲ್ಲಬೇಕೆಂಬ ಷರತ್ತಿನದು ಜೋಖಮಿ ಹುಂಡಿ. ಚೀಟಿ ದಾರಿಯಲ್ಲಿ ಕಳೆದುಹೋದರೆ ‘ಪೇಠ್’ ಎಂಬ ಎರಡನೆಯ ಪ್ರತಿ. ಅದೂ ಕಳೆದರೆ ‘ಪರಪೇಠ್’ ಎಂಬ ಮೂರನೆಯದು. ಹೆಸರಿಸಿದ ಸಾಹುಕಾರನು ಹಣ ಕೊಡಲೊಪ್ಪದಿದ್ದರೆ ಅದೇ ಊರಿನ ಮತ್ತೊಬ್ಬ ಹಿತೈಷಿಯ ಬಳಿಗೆ ಹೋಗಲು ‘ಜಿಕ್ರಿ ಚೀಟಿ’ಯನ್ನು ಜೊತೆಗೆ ಕೊಡುತ್ತಿದ್ದರು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯಿಂದ ಸಂದೇಶ ತಲಪಬೇಕೆಂದು ಗಣಕಜಾಲವನ್ನು ರಚಿಸುವವರು ಇಂದು ಬಯಸುವುದೂ ಇದನ್ನೇ.

ಈ ಪದ್ಧತಿಗೆ ಕೇಂದ್ರವಿರಲಿಲ್ಲ. ಬ್ರಿಟಿಷರು 1881ರಲ್ಲಿ ನೆಗೋಷಿಯಬಲ್ ಇನ್ಸ್‌ಟ್ರುಮೆಂಟ್ಸ್ ಕಾಯಿದೆಯನ್ನು ತಂದಾಗಲೂ, ದೇಶಭಾಷೆಗಳಲ್ಲಿ ಬರೆದ ಇಂಥ ಪತ್ರಗಳ ಸ್ಥಳೀಯ ರೂಢಿಗೆ ಅದರಿಂದ ಬಾಧೆಯಿಲ್ಲವೆಂದು ಮೊದಲನೆಯ ಕಲಮಿನಲ್ಲಿಯೇ ಒಪ್ಪಿಕೊಂಡರು. ಸರ್ಕಾರಕ್ಕಿಂತ ರೂಢಿ ಹಿರಿದಾಗಿತ್ತು. ಅದಕ್ಕೂ ಎಷ್ಟೋ ಶತಮಾನಗಳ ಮುಂಚೆ ಕನ್ನಡ ನಾಡಿನ ಐಹೊಳೆಯ ಐನೂರ್ವರು ಎಂಬ ವರ್ತಕಸಂಘ ಹಲವು ಅರಸರ ಸೀಮೆಗಳನ್ನು ದಾಟಿ ವ್ಯಾಪಾರ ಮಾಡುತ್ತಿತ್ತು. ಅರಸರು ಬದಲಾದರೂ ಅವರನ್ನು ಹಿಡಿದಿಟ್ಟದ್ದು ಅವರು ತಮಗೆ ತಾವೇ ವಿಧಿಸಿಕೊಂಡ ಬಣಂಜುಧರ್ಮದ ಕಟ್ಟಳೆ.

ಆಗ್ರಾ ನಗರದಲ್ಲಿ ಬಾಳಿದ ಜೈನ ವರ್ತಕ ಕವಿ ಬನಾರಸೀದಾಸರು 1641ರಲ್ಲಿ ‘ಅರ್ಧಕಥಾನಕ’ವೆಂಬ ಆತ್ಮಕಥೆಯನ್ನು ಬರೆದರು. ವ್ಯಾಪಾರದಲ್ಲಿ ಸೋತು ಕೈಬರಿದಾದ ಕಾಲದ ಒಂದು ಸಂಗತಿ ಅದರಲ್ಲಿದೆ. ಕಚೋರಿ ಮಾರುವವನ ಅಂಗಡಿಯಲ್ಲಿ ಅವರು ದಿನವೂ ಸಾಲದಲ್ಲಿ ಉಂಡರು. ಕೊನೆಗೊಂದು ದಿನ ಅವನನ್ನು ಒಬ್ಬನೇ ಇರುವಾಗ ಕಂಡು, ತಮ್ಮಲ್ಲಿ ಹಣವಿಲ್ಲ, ಮುಂದೆ ಸಾಲ ಕೊಡಬೇಡವೆಂದು ತಾವೇ ಹೇಳಿದರು. ಅವನು ಸಾಲವನ್ನು ನಿಲ್ಲಿಸಲಿಲ್ಲ. ಇನ್ನೂ ಉಣ್ಣಿರಿ, ಯಾರೂ ನಿಮ್ಮನ್ನು ಏನೂ ಕೇಳುವುದಿಲ್ಲವೆಂದನು. ಕೆಲಕಾಲದ ಮೇಲೆ ದಿನ ತಿರುಗಿ, ಲೆಕ್ಕ ಚುಕ್ತಾ ಆಯಿತು. ಸಾಕ್ಷಿಯಿಲ್ಲ, ಅಡವಿಲ್ಲ, ಬರಹವಿಲ್ಲ. ಕೊಡಲಾರೆನೆಂಬ ಸತ್ಯವನ್ನು ಸಾಲಗಾರನೇ ಮೊದಲು ನುಡಿದದ್ದರಿಂದ ವಿಶ್ವಾಸ ಕುಗ್ಗುವ ಬದಲು ಗಟ್ಟಿಯಾಯಿತು. ಆಸ್ತಿಯನ್ನು ನೋಡಿ ಸಾಲ ಕೊಡುವ ಬ್ಯಾಂಕಿಗೆ ಈ ಲೆಕ್ಕ ಎಂದಿಗೂ ಹಿಡಿಸದು.

ಆದರೆ ವಿಶ್ವಾಸವನ್ನು ಹೊಗಳುವುದು ಸುಲಭ; ಅದನ್ನು ಕೆಡಿಸುವ ಬಾಗಿಲುಗಳು ಯಾವುವೆಂದು ಎಣಿಸುವುದು ಕಷ್ಟ. ಈ ಎಣಿಕೆಯನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಮಾಡಿಟ್ಟಿದ್ದಾರೆ. ಸತ್ಯಾಣುವ್ರತಕ್ಕೆ ಅತಿಚಾರಗಳು ಐದು. ತಪ್ಪು ದಾರಿಗೆ ಹಚ್ಚುವ ಮಾತು ಮಿಥ್ಯೋಪದೇಶ. ಏಕಾಂತದ ಸಂಗತಿಯನ್ನು ಹೊರಗೆಡಹುವುದು ರಹೋಭ್ಯಾಖ್ಯಾನ. ಒಬ್ಬನು ಹೇಳದೆ ಇದ್ದುದನ್ನು ಹೇಳಿದನೆಂದು ಬರೆಯುವುದು ಕೂಟಲೇಖಕ್ರಿಯೆ. ಇಟ್ಟ ಒತ್ತೆಯನ್ನು ಅಪಹರಿಸುವುದು ನ್ಯಾಸಾಪಹಾರ. ಮುಖಚರ್ಯೆ, ಸಂಜ್ಞೆಗಳಿಂದ ಮತ್ತೊಬ್ಬನ ಅಭಿಪ್ರಾಯವನ್ನು ಅರಿತು ಅಸೂಯೆಯಿಂದ ಬಯಲುಮಾಡುವುದು ಸಾಕಾರಮಂತ್ರಭೇದ. ಎಷ್ಟೋ ಶತಮಾನಗಳ ಹಿಂದಿನ ಈ ಪಟ್ಟಿಯನ್ನು ಇಂದಿನ ಸಂದೇಶಜಾಲಕ್ಕೆಂದೇ ಬರೆದಂತಿದೆ. ಪರರ ಖಾತೆಯ ಹೆಸರಿನಲ್ಲಿ ಸುಳ್ಳು ಸಂದೇಶ ಕಳಿಸುವುದು ಕೂಟಲೇಖವೇ. ಇಬ್ಬರು ನಡೆಸಿದ ಸಂಭಾಷಣೆಯ ಚಿತ್ರ ತೆಗೆದು ಹತ್ತು ಜನರಿಗೆ ಹಂಚುವುದು ರಹೋಭ್ಯಾಖ್ಯಾನವೇ. ಯಾರು ಯಾರೊಡನೆ ಯಾವ ಹೊತ್ತಿನಲ್ಲಿ ಮಾತನಾಡಿದರೆಂಬ ಗುರುತುಗಳಿಂದಲೇ ಒಳಮನಸ್ಸನ್ನು ಊಹಿಸಿ ಆ ಊಹೆಯನ್ನು ಮಾರಿಕೊಳ್ಳುವುದು ಸಾಕಾರಮಂತ್ರಭೇದದ ನೆರೆಯಲ್ಲಿಯೇ ಇದೆ.

ಇವುಗಳಲ್ಲಿ ನ್ಯಾಸಾಪಹಾರದ ವಿವರಣೆ ವಿಶೇಷವಾಗಿ ವಿಚಾರಾರ್ಹ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಲ್ಲಿ ಕಳ್ಳತನದ ಮಾತೇ ಬರುವುದಿಲ್ಲ. ಒತ್ತೆ ಇಟ್ಟವನು ತಾನಿಟ್ಟ ಲೆಕ್ಕವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಟ್ಟರೆ ಅತಿಚಾರವಾಯಿತು. ಆಲೂರಿನ ಕಡೆಯ ಒಬ್ಬ ಮುದಿ ಬೆಳೆಗಾರನು ವರ್ತಕನ ಗೋದಾಮಿನಲ್ಲಿ ನಲವತ್ತು ಚೀಲ ಚೆರಿ ಕಾಫಿ ಇಟ್ಟಿದ್ದಾನೆಂದು ಭಾವಿಸಬಹುದು. ಆರು ತಿಂಗಳ ಮೇಲೆ ಬಂದು, ಚೀಟಿ ಮಳೆಯಲ್ಲಿ ನೆನೆದು ಹೋಗಿದೆ, ಮೂವತ್ತೆಂಟು ಇರಬೇಕು ಅನ್ನುತ್ತಾನೆ. ವರ್ತಕನ ಪುಸ್ತಕದಲ್ಲಿ ನಲವತ್ತು ಎಂದಿದೆ. ಆ ಕ್ಷಣದಲ್ಲಿ ಕಂಟ್ರೋಲರಿಲ್ಲ, ಮಂಡಳಿಯಿಲ್ಲ, ಸಾಕ್ಷಿಯಿಲ್ಲ. ವರ್ತಕನು ಸುಳ್ಳನ್ನು ಕಟ್ಟಬೇಕಾಗಿಯೂ ಇಲ್ಲ. ಸುಮ್ಮನೆ ತಲೆಯಾಡಿಸಿದರೆ ಸಾಕು. ನೇರ ವ್ಯವಹಾರದ ನೈತಿಕತೆಯೆಲ್ಲ ಆ ತಲೆಯಾಡಿಸುವಿಕೆಯಲ್ಲಿ ನಿಂತಿದೆ. ಇಂದು ಒಬ್ಬರ ಕಡತಗಳನ್ನು ಮತ್ತೊಬ್ಬರ ಯಂತ್ರದಲ್ಲಿ ಇರಿಸುವ, ಒಬ್ಬರ ಪತ್ರವನ್ನು ಮತ್ತೊಬ್ಬರ ಯಂತ್ರ ಮುಂದಕ್ಕೆ ದಾಟಿಸುವ ವ್ಯವಸ್ಥೆಗಳಲ್ಲಿ ಪ್ರತಿಯೊಬ್ಬನೂ ಒತ್ತೆಯನ್ನು ಇಟ್ಟುಕೊಂಡವನೇ. ಬೀಗ ಹಾಕಿದ ಪತ್ರವನ್ನು ಅವನು ಓದಲಾರನೆಂಬುದು ನಿಜ. ಆದರೂ ಅದನ್ನು ದಾಟಿಸದೆ ಹಿಡಿದಿಡುವ, ಇಟ್ಟದ್ದನ್ನು ಕಳೆದುಹೋಯಿತೆನ್ನುವ ಸ್ವಾತಂತ್ರ್ಯ ಅವನಿಗೆ ಉಳಿದೇ ಇರುತ್ತದೆ. ಬೀಗವು ಕುತೂಹಲವನ್ನು ತಡೆಯಬಲ್ಲುದು, ನಿಷ್ಠೆಯನ್ನು ಹುಟ್ಟಿಸಲಾರದು.

ಇದಕ್ಕಿಂತ ಭಯಂಕರವಾದುದು ಮಿಥ್ಯೋಪದೇಶ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಜನಸಮೂಹವು ಹೈದರಾಬಾದಿನಿಂದ ಬಂದಿದ್ದವರ ಮೇಲೆ ಎರಗಿ ಒಬ್ಬ ತರುಣ ಎಂಜಿನಿಯರನನ್ನು ಕೊಂದುಹಾಕಿತು. ವದಂತಿ ಹರಿದದ್ದು ವಾಟ್ಸಾಪಿನ ಮೂಲಕ.  ಇಂಥ ಸುದ್ದಿ ಬರುವುದು ಸೋದರಮಾವನಿಂದ, ಸಹಪಾಠಿಯಿಂದ, ನೆರೆಯವನಿಂದ, ಅಂದರೆ ನಂಬಿದವರಿಂದಲೇ. ಆ ತಿಂಗಳಿನಲ್ಲಿಯೇ ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿಯನ್ನು ಪ್ರಕಟಿಸಿತು. ಮಿತಿ ಬಂದದ್ದು ಒಳ್ಳೆಯದೇ. ಆದರೆ ದೋಷದ ಬೇರು ಸಂಖ್ಯೆಯಲ್ಲಿರಲಿಲ್ಲ.

ಬೇರು ಎಲ್ಲಿದೆಯೆಂದು ತಿಳಿಯಲು ಹುಂಡಿಯ ನೀತಿಯನ್ನೂ ದಾಟಿಸಿದ ಸುದ್ದಿಯ ನೀತಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಹುಂಡಿಯನ್ನು ಬರೆದವನು ತನ್ನ ಹೆಸರನ್ನು ಪಣಕ್ಕಿಟ್ಟು ಬರೆಯುತ್ತಿದ್ದನು. ಚೀಟಿ ತಿರಸ್ಕೃತವಾಗಿ ಹಿಂದಿರುಗಿದರೆ ನಷ್ಟ ಅವನದು, ಅವಮಾನ ಅವನ ಮನೆತನದ್ದು. ಅದನ್ನು ಮತ್ತೊಬ್ಬರಿಗೆ ಮಾರಿದವನೂ ಹೊಣೆಯಿಂದ ಪಾರಾಗುತ್ತಿರಲಿಲ್ಲ. ಸುದ್ದಿಯನ್ನು ದಾಟಿಸುವವನಾದರೋ ‘ಬಂದದ್ದನ್ನು ಕಳಿಸಿದೆ’ ಎನ್ನುತ್ತಾನೆ. ವಿಶ್ವಾಸವನ್ನು ಬಳಸಿಕೊಂಡನು, ಹೊಣೆಯನ್ನು ಹೊರಲಿಲ್ಲ. ಮನುಷ್ಯನ ಮೇಲಿದ್ದ ನಂಬಿಕೆ ಪರೀಕ್ಷೆಯಿಲ್ಲದೆ ಅವನು ದಾಟಿಸಿದ ಮಾತಿನ ಮೇಲೆ ಹೋಗಿ ಕುಳಿತಿತು. ಪೂಜ್ಯಪಾದರ ಪ್ರಕಾರ, ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವ ನುಡಿ ಇದ್ದ ಸಂಗತಿಯೇ ಆಗಿರಲಿ ಇಲ್ಲದ್ದಾಗಿರಲಿ, ಅದು ಅಪ್ರಶಸ್ತವೇ, ಅಸತ್ಯದ ಪಂಗಡಕ್ಕೇ ಸೇರಿದ್ದು. ಸತ್ಯವ್ರತವು ಅಹಿಂಸಾವ್ರತದ ಬೇಲಿಯೆಂದು ಹಿರಿಯರು ಹೇಳುವುದರ ಅರ್ಥ ಮುರ್ಕಿಯ ದಾರುಣ ಘಟನೆಯಲ್ಲಿ ಕಣ್ಣಿಗೆ ಕಟ್ಟುತ್ತದೆ. ಬೇಲಿ ಬಿದ್ದಲ್ಲಿ ಬೆಳೆ ಉಳಿಯಲಿಲ್ಲ.

ಲೈನ್ ಕ್ಲಿಯರಿನ ನಿಯಮದಲ್ಲಿ ಇದಕ್ಕೆ ಮದ್ದಿದೆ. ಅಲ್ಲಿ ಮೌನವನ್ನು ಒಪ್ಪಿಗೆಯೆಂದು ತಿಳಿಯುವಂತಿಲ್ಲ. ಅನುಮಾನವಿದ್ದರೆ ಇಲ್ಲವೆಂದೇ ಹೇಳಬೇಕು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಹಳಿಯ ಬುಡದ ಮಣ್ಣು ಕುಸಿಯಿತು. ದುರಸ್ತಿಯಾಗಿ ಪ್ರಯಾಣಿಕರ ರೈಲುಗಳು ಮತ್ತೆ ಓಡುವುದಕ್ಕೆ ಆಗಸ್ಟ್ ತಿಂಗಳೇ ಬರಬೇಕಾಯಿತು. ಎಷ್ಟೋ ಜನರ ಪ್ರಯಾಣ ನಿಂತಿತು, ಬಂದರಿನ ಸರಕು ತಡವಾಯಿತು. ಆದರೂ ಹಳಿ ಭದ್ರವೆಂದು ತಿಳಿಯುವವರೆಗೆ ಲೈನ್ ಕ್ಲಿಯರ್ ಕೊಡಬಾರದು. ಆ ನಿರಾಕರಣೆಯೇ ಅಲ್ಲಿ ಸತ್ಯ. ನಂಬಿದವನಿಗೆ ‘ಇಲ್ಲ’ ಎನ್ನಬಲ್ಲವನ ‘ಹೌದು’ಗೆ ಮಾತ್ರ ಬೆಲೆಯುಂಟು. ಪರಿಚಿತರೊಬ್ಬರು ಕಳಿಸಿದ ಸುದ್ದಿಯನ್ನು ವಿಚಾರಿಸದೆ ಮುಂದಕ್ಕೆ ಬಿಡುವ ಶ್ರಾವಕನು ಹಳಿಯನ್ನು ನೋಡದೆ ಒಪ್ಪಿಗೆ ಕೊಟ್ಟ ಸ್ಟೇಷನ್ ಮಾಸ್ಟರನ ಸ್ಥಾನದಲ್ಲಿದ್ದಾನೆ. ಅವನ ಕೈಯಲ್ಲಿ ರೈಲಿಲ್ಲವೆಂಬುದೊಂದೇ ವ್ಯತ್ಯಾಸ. ಒಮ್ಮೊಮ್ಮೆ ಆ ವ್ಯತ್ಯಾಸವೂ ಉಳಿಯುವುದಿಲ್ಲ.

ಇನ್ನು ಗೌಪ್ಯದ ಪ್ರಶ್ನೆ. ಇಬ್ಬರ ಮಾತು ಇಬ್ಬರಿಗೇ ಸೇರಿದ್ದೆಂಬುದನ್ನು ಜೈನ ನೀತಿ ಒಪ್ಪುತ್ತದೆ. ಅದನ್ನು ಹೊರಗೆಡಹುವುದನ್ನೇ ಅತಿಚಾರವೆಂದಿದೆ. ಆದರೆ ಅದೇ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು, ಅಂದರೆ ರಾಜ್ಯದ ಕಟ್ಟಳೆಯನ್ನು ಮೀರಿದ ವ್ಯವಹಾರವನ್ನು, ಕಳ್ಳತೂಕ ಮತ್ತು ಕಲಬೆರಕೆಗಳ ಪಕ್ಕದಲ್ಲಿಯೇ ಇರಿಸಿದೆ. ಹುಂಡಿಯನ್ನು ಹೋಲುವ ಹವಾಲಾ ಇದಕ್ಕೆ ನಿದರ್ಶನ. ಒಂದು ನೋಟಿನ ಮೇಲಿನ ಸಂಖ್ಯೆಯನ್ನು ಗುರುತಾಗಿ ಹೇಳಿ, ಆ ನೋಟನ್ನು ತೋರಿಸಿದವನಿಗೆ ಬೇರೊಂದು ಊರಿನಲ್ಲಿ ಹಣ ಸಲ್ಲಿಸುವ ರೀತಿ ಪ್ರಸಿದ್ಧವಾಗಿದೆ. ಅಲ್ಲಿಯೂ ಇಬ್ಬರು ನಂಬಿದವರು, ಅಲ್ಲಿಯೂ ಒಂದು ಗುಪ್ತ ಸಂಖ್ಯೆ, ಅಲ್ಲಿಯೂ ಮಾತು ತಪ್ಪದ ನಿಷ್ಠೆ. ದೇಶದ ಗಡಿಯನ್ನು ದಾಟುವ ಇಂಥ ಹಣವನ್ನು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ ನಿಷೇಧಿಸುತ್ತದೆ. ಅಕ್ರಮದ ಹಣವಾದರೆ 2002ರ ಕಾಯಿದೆಯ ಶಿಕ್ಷೆಯೂ ಉಂಟು. ರೈಲಿನ ಗುಪ್ತ ಸಂಖ್ಯೆಗೂ ಹವಾಲಾದ ಗುಪ್ತ ಸಂಖ್ಯೆಗೂ ಉಪಾಯದಲ್ಲಿ ಭೇದವಿಲ್ಲ. ಹಾಗಿದ್ದರೆ ಒಂದನ್ನು ಧರ್ಮವೆಂದೂ ಇನ್ನೊಂದನ್ನು ಅತಿಚಾರವೆಂದೂ ಹೇಳುವುದು ಯಾವ ಆಧಾರದಿಂದ?

ಆಧಾರವು ಆ ಇಬ್ಬರಲ್ಲಿ ಇಲ್ಲ; ಮೂರನೆಯವನಲ್ಲಿದೆ. ದೋಣಿಗಲ್ಲಿನ ಮಾಸ್ಟರೂ ಕಡಗರವಳ್ಳಿಯ ಮಾಸ್ಟರೂ ಹಂಚಿಕೊಂಡ ಗುಟ್ಟು ಬೋಗಿಯಲ್ಲಿ ನಿದ್ರಿಸುತ್ತಿರುವ ಪ್ರಯಾಣಿಕನಿಗಾಗಿ. ಅವನಿಗೆ ಆ ಸಂಖ್ಯೆ ತಿಳಿಯದು, ಆ ಇಬ್ಬರ ಹೆಸರೂ ತಿಳಿಯದು. ಆದರೂ ಗುಟ್ಟಿನ ಫಲ ಅವನದೇ. ಹವಾಲಾದ ಗುಟ್ಟಿನಲ್ಲಿ ಮೂರನೆಯವನು ನಷ್ಟಪಡುತ್ತಾನೆ; ತೆರಿಗೆ ಕೊಟ್ಟು ಬದುಕುವ ನೆರೆಯವನೂ, ಲಂಚಕ್ಕೋ ಹಿಂಸೆಗೋ ಬಲಿಯಾಗುವ ಅಪರಿಚಿತನೂ ಆ ನಿಷ್ಠೆಯ ಬೆಲೆಯನ್ನು ತೆರುತ್ತಾರೆ. ಕಳ್ಳರ ನಡುವೆಯೂ ನಂಬಿಕೆಯಿರುತ್ತದೆ. ಆದ್ದರಿಂದ ನಂಬಿಕೆಯೊಂದೇ ಗುಣವಲ್ಲ. ಇಬ್ಬರ ಗಂಟು ಹೊರಗಿನವನನ್ನು ಕಾಯುತ್ತದೆಯೇ ಕೊರೆಯುತ್ತದೆಯೇ ಎಂಬುದೇ ಒರೆಗಲ್ಲು. ಇದರಿಂದ ಇನ್ನೊಂದು ಮಾತೂ ಫಲಿಸುತ್ತದೆ. ಎಲ್ಲ ಗೌಪ್ಯವನ್ನೂ ಅಪರಾಧವೆಂದು ಶಂಕಿಸುವ ಆಡಳಿತವೂ ಈ ಒರೆಗಲ್ಲಿಗೆ ನಿಲ್ಲಲಾರದು. ರೋಗಿಯು ವೈದ್ಯನಿಗೆ, ಮಗಳು ತಾಯಿಗೆ, ಆಪತ್ತಿನಲ್ಲಿರುವವನು ಮಿತ್ರನಿಗೆ ಬರೆದ ಮಾತನ್ನು ಕಾಪಾಡುವ ಬೀಗದಿಂದ ಯಾವ ಮೂರನೆಯವನಿಗೂ ಕೇಡಿಲ್ಲ.

ಮೂರನೆಯವನೆಂದರೆ ಕೇಡಿಗೆ ಗುರಿಯಾಗಬಹುದಾದವನು ಮಾತ್ರವಲ್ಲ. ಬಾಗಿಲ ಹೊರಗೆ ನಿಂತವನೂ ಹೌದು. ಹುಂಡಿಯ ಪ್ರಕಾರಗಳಲ್ಲಿ ‘ಶಾಹ್‌ಜೋಗ’ ಎಂಬುದೊಂದಿತ್ತು. ಅದರ ಹಣ ಸಲ್ಲುತ್ತಿದ್ದುದು ಪೇಟೆಯಲ್ಲಿ ಮಾನ್ಯನಾದ ‘ಶಾಹ’ನಿಗೆ ಮಾತ್ರ. ಕಳ್ಳನ ಕೈಗೆ ಚೀಟಿ ಸಿಕ್ಕಿದರೂ ಹಣ ಸಿಗಬಾರದೆಂಬ ಎಚ್ಚರಿಕೆ ಅದರಲ್ಲಿತ್ತು. ಆದರೆ ಮಾನ್ಯನೆಂದು ಯಾರೂ ಹೇಳದ ಬಡವನಿಗೂ ಆ ಬಾಗಿಲು ಮುಚ್ಚಿಯೇ ಇತ್ತು. ಮಲೆನಾಡಿನ ಮುಯ್ಯಾಳಿನ ಪದ್ಧತಿಯೂ ಹಾಗೆಯೇ. ನಾಟಿಯ ಕಾಲದಲ್ಲಿ ಇಂದು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು ದುಡಿಯುತ್ತಾರೆ. ಹಣವಿಲ್ಲ, ಪುಸ್ತಕವಿಲ್ಲ, ಮುಯ್ಯಿ ತೀರಿಸುವ ಮರ್ಯಾದೆಯೊಂದೇ ಲೆಕ್ಕ. ಸಮಾನರ ನಡುವಣ ಸೇವೆಗೆ ಇದಕ್ಕಿಂತ ಸುಂದರವಾದ ಉದಾಹರಣೆ ಸಿಗುವುದು ಕಷ್ಟ. ಆದರೆ ಗದ್ದೆಯೇ ಇಲ್ಲದವನು ಯಾವ ಮುಯ್ಯಿಯನ್ನು ಮರಳಿ ಪಡೆಯುವನು? ಅವನು ಕೂಲಿಯಾಗಿಯೇ ಉಳಿದನು. ಸಮಾನರ ವಿಶ್ವಾಸವು ಸಮಾನತೆಯನ್ನು ತಾನಾಗಿ ಹುಟ್ಟಿಸುವುದಿಲ್ಲ. ಒಮ್ಮೊಮ್ಮೆ ಅಸಮಾನತೆಗೆ ಬೇಲಿಯಾಗಿಬಿಡುತ್ತದೆ.

ಶ್ರಾವಕರು ಇಲ್ಲಿ ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುವುದು ಒಳ್ಳೆಯದು. ಬಂಧುಗಳ, ಸಮಾಜಬಾಂಧವರ ನಡುವೆ ಬಾಯಿಮಾತಿನ ಮೇಲೆ ಲಕ್ಷಗಟ್ಟಲೆ ಹಣ ಕೊಟ್ಟು ತೆಗೆದುಕೊಳ್ಳುವ ವರ್ತಕನೇ, ಹತ್ತು ವರ್ಷ ತನ್ನ ಅಂಗಡಿಯಲ್ಲಿ ದುಡಿದ ಆಳು ಮಗಳ ಮದುವೆಗೆ ಮುಂಗಡ ಕೇಳಿದಾಗ ಒತ್ತೆಯನ್ನು ಬೇಡುವುದುಂಟು. ಹತ್ತು ವರ್ಷಗಳ ನಡತೆಗಿಂತ ಜನ್ಮದ ಪರಿಚಯ ಹೆಚ್ಚಿನ ಸಾಕ್ಷಿಯಾಯಿತೇ? ಅಪರಿಗ್ರಹವೆಂದರೆ ಹೊನ್ನು, ಮಣ್ಣುಗಳ ಮಿತಿಯೆಂದಷ್ಟೇ ಎಣಿಸುವುದು ವಾಡಿಕೆ. ವಿಶ್ವಾಸವನ್ನು ತಮ್ಮವರಿಗಷ್ಟೇ ಕೂಡಿಟ್ಟು ಕಾಯುವುದೂ ಒಂದು ಬಗೆಯ ಪರಿಗ್ರಹವೇ. ಆ ಕಚೋರಿಯವನಿಗೆ ಬನಾರಸೀದಾಸರು ಬಂಧುವಾಗಿರಲಿಲ್ಲ. ಜೀವಗಳು ಒಂದಕ್ಕೊಂದು ಉಪಕಾರಕವಾಗಿವೆಯೆಂದು ಸಾರುವ ಧರ್ಮದಲ್ಲಿ ಆ ಉಪಕಾರದ ವೃತ್ತಕ್ಕೆ ಜಾತಿಯ ಗೆರೆಯನ್ನು ಎಳೆಯಲು ಅವಕಾಶವಿಲ್ಲ.

ತಂತ್ರಜ್ಞಾನವು ಈ ತೊಡಕನ್ನು ಬಿಡಿಸಬಲ್ಲುದೆಂದು ಕೆಲವರು ಆಶಿಸುತ್ತಾರೆ. ಎರಡು ದಾರಿಗಳನ್ನು ಅವರು ತೋರಿಸಿದ್ದಾರೆ. 2008ರಲ್ಲಿ ಪ್ರಕಟವಾದ ಬಿಟ್‌ಕಾಯಿನ್ ಪ್ರಸ್ತಾವ ಮೊದಲನೆಯದು. ಯಾರನ್ನೂ ನಂಬಬೇಕಾಗಿಲ್ಲ; ಎಲ್ಲರ ಬಳಿಯೂ ಒಂದೇ ಖಾತೆಪುಸ್ತಕದ ಪ್ರತಿಯಿದ್ದು, ಗಣಿತವೇ ಸಾಕ್ಷಿಯಾಗಿ ನಿಲ್ಲಲಿ ಎಂಬುದು ಅದರ ಹುರುಳು. 1991ರಲ್ಲಿ ಫಿಲಿಪ್ ಜಿಮ್ಮರ್‌ಮನ್ ಎಂಬಾತ ಹೊರತಂದ ಪಿ.ಜಿ.ಪಿ. ಎಂಬ ಗುಪ್ತಲೇಖನ ಕ್ರಮ ಎರಡನೆಯದು. ಇದರಲ್ಲಿ ‘ಈ ಕೀಲಿ ಇಂಥವನದೇ’ ಎಂದು ಪರಿಚಿತರು ಒಬ್ಬರಿಗೊಬ್ಬರು ಸಹಿ ಹಾಕಿಕೊಡುತ್ತಾರೆ. ಬಲ್ಲವನು ಬಲ್ಲವನನ್ನು ತೋರಿಸುತ್ತ, ನಂಬಿಕೆಯ ಬಲೆ ತಾನಾಗಿ ಹಬ್ಬುತ್ತದೆ. ಹಳೆಯ ಪೇಟೆಗಳಲ್ಲಿ ಹೊಸಬನು ಕೈಯಲ್ಲಿ ಹಿಡಿದು ಬರುತ್ತಿದ್ದ ಪರಿಚಯಪತ್ರವೇ ಇದು.

ಮೊದಲ ದಾರಿ ಲೆಕ್ಕದ ಮೋಸವನ್ನು ತಡೆಯಬಹುದು. ಒಮ್ಮೆ ಬರೆದ ಸಂಖ್ಯೆಯನ್ನು ತಿದ್ದುವುದು ಅಲ್ಲಿ ಬಲು ಕಷ್ಟ. ಆದರೆ ಚೀಲದಲ್ಲಿರುವ ಕಾಫಿ ಒಣಗಿದೆಯೇ, ಕಲ್ಲು ಬೆರೆತಿದೆಯೇ, ಮುದುಕನಿಟ್ಟ ಚೀಲಗಳು ನಲವತ್ತೇ ಎಂಬುದನ್ನು ಆ ಪುಸ್ತಕದಲ್ಲಿ ಮೊದಲು ಬರೆಯುವವನು ಮನುಷ್ಯನೇ. ಸುಳ್ಳನ್ನು ಬರೆದರೆ ಸುಳ್ಳೇ ಅಳಿಸಲಾಗದಂತೆ ಉಳಿಯುತ್ತದೆ. ಎರಡನೆಯ ದಾರಿ ಮನುಷ್ಯನನ್ನು ಒಪ್ಪಿಕೊಂಡೇ ಹೊರಡುತ್ತದೆ. ಆದ್ದರಿಂದ ಅವನ ದೌರ್ಬಲ್ಯವನ್ನೂ ಹೊತ್ತುಕೊಂಡು ಹೋಗುತ್ತದೆ. ನೋಡದೆ ಹಾಕಿದ ಒಂದು ಸಹಿ ಇಡೀ ಬಲೆಯಲ್ಲಿ ತೂತನ್ನು ಮಾಡಬಲ್ಲುದು. ಹೀಗೆ ಎರಡು ದಾರಿಗಳೂ ಸುತ್ತಿ ಬಂದು ನಿಲ್ಲುವುದು ಒಂದೇ ಬಾಗಿಲಿನಲ್ಲಿ: ಯಾರೂ ನೋಡದಿರುವಾಗ ಅವನು ಏನು ಬರೆದನು? ಮಂಡಳಿಯಿದ್ದಾಗ ಹೊರಗಿದ್ದ ಮೇಲ್ವಿಚಾರಕನು, ಮಂಡಳಿ ಹೋದ ಮೇಲೆ ಒಳಗೆ ಬಂದು ನಿಲ್ಲಬೇಕು. ಸಾಮಾಯಿಕ, ಪ್ರತಿಕ್ರಮಣಗಳನ್ನು ಹಿರಿಯರು ನಿತ್ಯಕರ್ಮವಾಗಿ ವಿಧಿಸಿದ್ದು ಈ ಒಳಗಿನ ಲೆಕ್ಕಪರಿಶೋಧನೆಗಾಗಿಯೇ. ವರ್ಷಕ್ಕೊಮ್ಮೆ ಬರುವ ಪರಿಶೋಧಕನು ತಲೆಯಾಡಿಸಿದ್ದನ್ನು ಕಾಣಲಾರನು.

ದೇವಾಲಯಗಳ ಟ್ರಸ್ಟುಗಳಿಗೂ ಈ ವಿಚಾರ ಹೊರಗಿನದಲ್ಲ. ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಹದಿಮೂರನೆಯ ಶತಮಾನದ ಶಾಸನಗಳು ಕೆಲವಿವೆ. ಗೊಮ್ಮಟದೇವರ ಹಾಲಿನ ಅಭಿಷೇಕಕ್ಕೆಂದೋ ಹೂವಿಗೆಂದೋ ಭಕ್ತರು ಗದ್ಯಾಣಗಳನ್ನು ಒಪ್ಪಿಸಿ, ಅದರ ಬಡ್ಡಿಯಿಂದ ಸೇವೆ ನಿತ್ಯವೂ ನಡೆಯಬೇಕೆಂದು ಕಲ್ಲಿನಲ್ಲಿ ಬರೆಸಿದರು. ಹಣ ಕೊಟ್ಟವನು ಕಾಲವಾದ ಮೇಲೆ ಕೇಳುವವರಾರು? ನೆನಪಿಸಲು ಬಾರದವನ ಒತ್ತೆಯನ್ನು ಕಾಪಾಡುವುದೇ ನ್ಯಾಸದ ಪರಮ ಪರೀಕ್ಷೆ. ಕನ್ನಡದಲ್ಲಿ ಟ್ರಸ್ಟಿಗೆ ನ್ಯಾಸವೆಂಬ ಹೆಸರು ಬಂದದ್ದು ಸಾರ್ಥಕವಾಗಬೇಕಾದರೆ, ಇಂದು ಫೋನಿನ ಮೂಲಕ ಬಂದ ನೂರು ರೂಪಾಯಿಯ ಕಾಣಿಕೆಗೂ ಅಂದಿನ ಗದ್ಯಾಣಕ್ಕೆ ದೊರೆತ ಗೌರವ ದೊರೆಯಬೇಕು. ಕೊಟ್ಟವರಿಗೆ ರಸೀದಿ, ಕೊಟ್ಟ ಉದ್ದೇಶಕ್ಕೇ ವೆಚ್ಚ, ಕೇಳದವರಿಗೂ ಲೆಕ್ಕ. ಟ್ರಸ್ಟಿನ ಸಂದೇಶಗುಂಪಿನಲ್ಲಿ ಬಂದ ಸುದ್ದಿಯನ್ನು ವಿಚಾರಿಸಿ ತಿಳಿಯದೆ ದಾಟಿಸದಿರುವುದು, ಸದಸ್ಯರು ವಿಶ್ವಾಸದಿಂದ ತಿಳಿಸಿದ ಮನೆಯ ಕಷ್ಟವನ್ನು ಗುಂಪಿನ ಮಾತಾಗಿಸದಿರುವುದು, ಪರಿಚಯವಿಲ್ಲದವನು ನೆರವು ಕೇಳಿ ಬಂದಾಗ ‘ಇವನು ಯಾರವನು’ ಎನ್ನುವ ಮೊದಲು ‘ಇವನಿಗೆ ಏನಾಗಿದೆ’ ಎಂದು ಕೇಳುವುದು. ಅಣುವ್ರತಗಳನ್ನು ಈ ಕಾಲದಲ್ಲಿ ಆಚರಿಸುವ ಬಗೆ ಇದು.

ಮಳೆಗಾಲದ ರಾತ್ರಿ ದೋಣಿಗಲ್ಲಿನಲ್ಲಿ ಮಂಜು ಕವಿದಾಗ ಹತ್ತು ಮಾರು ಆಚೆಯ ಮರವೂ ಕಾಣುವುದಿಲ್ಲ. ಮುಂದಿನ ನಿಲ್ದಾಣದಿಂದ ಬಂದ ಒಂದು ಮಾತನ್ನ��� ನಂಬಿ ಹಸಿರು ದೀಪ ತೋರಿಸಲಾಗುತ್ತದೆ. ರೈಲು ಕತ್ತಲೆಗೆ ಇಳಿಯುತ್ತದೆ. ಒಳಗೆ ಮಲಗಿರುವವರು ಯಾವ ಧರ್ಮದವರು, ಯಾವ ಊರಿನವರು ಎಂದು ಮಾತು ಕೊಟ್ಟವರೂ ಕೇಳಿಲ್ಲ, ಮಾತು ಪಡೆದವರೂ ಕೇಳಿಲ್ಲ. ವರ್ತಕನು ಬರೆಯುವ ಚೀಟಿ, ಗೃಹಸ್ಥನು ದಾಟಿಸುವ ಸಂದೇಶ, ಟ್ರಸ್ಟು ಇಟ್ಟುಕೊಂಡ ಒತ್ತೆ ಇವೆಲ್ಲವೂ ಅಂಥದೇ ಲೈನ್ ಕ್ಲಿಯರ್ ಆಗಲಿ. ಇಬ್ಬರ ನಂಬಿಕೆಯಿಂದ ಮೂರನೆಯವನು ಕ್ಷೇಮವಾಗಿ ಊರು ಸೇರಲಿ.